ಹೊಸ ಲ್ಯಾಪ್‌ಟಾಪ್ ತಾನಾಗಿಯೇ ಆಫ್ ಆಗ್ತಿದೆಯೇ?

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದಿದೆ. ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದೂ ಆಯಿತು, 'ಊಟ ಮಾಡಿದ ಕೈಯಲ್ಲಿ ಮುಟ್ಟಬೇಡ್ರೋ' ಎಂದು ಮಕ್ಕಳನ್ನು ಗದರಿದ್ದೂ ಆಯಿತು. ಎರಡು ದಿನ ಚೆನ್ನಾಗಿಯೇ ಇತ್ತು. ಮೂರನೆಯ ದಿನ ಮಗಳು ಕಾಲೇಜಿನ ಪ್ರಾಜೆಕ್ಟ್ ಟೈಪ್ ಮಾಡುತ್ತಾ ಕೂತಿರುವಾಗ ಟಪ್ ಎಂದು ಪರದೆ ಕಪ್ಪಾಯಿತು. ಮತ್ತೆ ಆನ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಅದೇ ಕಥೆ.

ಇಂಥ ಹೊತ್ತಿನಲ್ಲಿ ಮನೆಯಲ್ಲಿ ಮೊದಲು ಕೇಳಿಬರುವ ಮಾತು ಯಾವುದು ಹೇಳಿ? 'ನೀನು ಏನು ಒತ್ತಿದೆ?' ಹಗಲೆಲ್ಲ ಮನೆಯಲ್ಲಿರುವವರು ನಾವೇ ತಾನೆ, ಮಿಕ್ಸಿ ಕೆಟ್ಟರೂ ನಮ್ಮನ್ನೇ ಕೇಳುತ್ತಾರೆ, ಲ್ಯಾಪ್‌ಟಾಪ್ ಕೆಟ್ಟರೂ ನಮ್ಮನ್ನೇ. ಅಂಗಡಿಯವರೂ ಇದನ್ನೇ ಸ್ವಲ್ಪ ನಯವಾಗಿ, 'ಮನೆಯಲ್ಲಿ ಯಾರು ಯೂಸ್ ಮಾಡ್ತಾರೆ ಮೇಡಂ?' ಎನ್ನುತ್ತಾರೆ. ಹೆದರಬೇಡಿ. ಯಾವುದೋ ಒಂದು ಕೀಲಿಯನ್ನು ತಪ್ಪಾಗಿ ಒತ್ತಿದ್ದರಿಂದ ಹೊಸ ಲ್ಯಾಪ್‌ಟಾಪ್ ದಿನಕ್ಕೆ ನಾಲ್ಕು ಸಲ ಆಫ್ ಆಗುವುದಿಲ್ಲ. ಕಾರಣ ಬೇರೆಯೇ ಇರುತ್ತದೆ. ಅದನ್ನು ಕಂಡುಹಿಡಿಯಲು ಕಂಪ್ಯೂಟರ್ ಕೋರ್ಸ್ ಏನೂ ಬೇಕಿಲ್ಲ, ಹಾಲು-ಪೇಪರ್ ಲೆಕ್ಕ ಬರೆಯುವ ಪುಸ್ತಕದಲ್ಲಿ ಒಂದು ಖಾಲಿ ಪುಟ ಇದ್ದರೆ ಸಾಕು.

ಅದಕ್ಕೂ ಮೊದಲು ಬಿಲ್ ಹುಡುಕಿ ತೆಗೆದಿಡಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆರ್ಡರ್ ಮಾಡಿದ ಪುಟದಲ್ಲಿ 'ರಿಪ್ಲೇಸ್‌ಮೆಂಟ್' ಯಾವ ತಾರೀಕಿನವರೆಗೆ ಎಂದು ಬರೆದಿರುತ್ತದೆ. ಬಹಳಷ್ಟು ಕಡೆ ಅದು ಒಂದು ವಾರದ ಆಸುಪಾಸು ಅಷ್ಟೆ. ಆ ಗಡುವಿನೊಳಗೆ ಹೇಳಿದರೆ ಹೊಸ ಪೀಸ್ ಸಿಗುವ ಸಾಧ್ಯತೆ ಇದೆ. ಗಡುವು ದಾಟಿತೋ, ಅದು ರಿಪೇರಿಯ ವಿಷಯವಾಗುತ್ತದೆ. 'ನೋಡೋಣ, ತಾನೇ ಸರಿಹೋಗಬಹುದು' ಎಂದು ಹತ್ತು ದಿನ ಸುಮ್ಮನಿರುವುದೇ ಇಲ್ಲಿ ದೊಡ್ಡ ನಷ್ಟ. ನಲವತ್ತು ಐವತ್ತು ಸಾವಿರದ ವಸ್ತು, ಎಷ್ಟೋ ಮನೆಗಳಲ್ಲಿ ಕಂತಿನ ಮೇಲೆ ತಂದಿರುತ್ತೇವೆ. ಪೆಟ್ಟಿಗೆ, ಥರ್ಮೊಕೋಲ್, ಒಳಗಿನ ಪ್ಲಾಸ್ಟಿಕ್ ಚೀಲ ಒಂದನ್ನೂ ರದ್ದಿಗೆ ಹಾಕಬೇಡಿ, ಹಿಂತಿರುಗಿಸುವಾಗ ಕೇಳುತ್ತಾರೆ.

ಈಗ ಪುಸ್ತಕ ತೆಗೆಯಿರಿ. ಪ್ರತಿ ಸಲ ಆಫ್ ಆದಾಗಲೂ ಒಂದು ಸಾಲು ಬರೆಯಬೇಕು. ಎಷ್ಟು ಗಂಟೆಗೆ ಆಫ್ ಆಯಿತು, ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ಚಾರ್ಜರ್ ಹಾಕಿತ್ತೇ ಇಲ್ಲವೇ, ಬ್ಯಾಟರಿ ಎಷ್ಟು ಪರ್ಸೆಂಟ್ ತೋರಿಸುತ್ತಿತ್ತು, ತಳ ಮುಟ್ಟಿದರೆ ಬಿಸಿಯೇ ತಣ್ಣಗೇ, ಆಗ ಏನು ಮಾಡುತ್ತಿದ್ದಿರಿ. ಎರಡು ದಿನ ಹೀಗೆ ಬರೆದು ನೋಡಿ, ಕಾರಣ ಅರ್ಧ ಅಲ್ಲೇ ಗೊತ್ತಾಗುತ್ತದೆ.

ನಿಜವಾಗಿ ಆಫ್ ಆಯಿತೇ, ನಿದ್ದೆ ಹೋಯಿತೇ?

ಇದೊಂದು ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಪರದೆ ಕಪ್ಪಾದ ತಕ್ಷಣ ಪವರ್ ಬಟನ್ನನ್ನು ಒಂದು ಸಲ ಮೆತ್ತಗೆ ಒತ್ತಿ ಬಿಡಿ. ನೀವು ತೆರೆದಿಟ್ಟ ಪುಟ ಹಾಗೆಯೇ ಮರಳಿ ಬಂದರೆ ಅದು ಆಫ್ ಆಗಿರಲೇ ಇಲ್ಲ, ವಿದ್ಯುತ್ ಉಳಿಸಲು 'ಸ್ಲೀಪ್'ಗೆ ಹೋಗಿತ್ತು. ಹೊಸ ಲ್ಯಾಪ್‌ಟಾಪ್‌ಗಳು ಬ್ಯಾಟರಿಯಲ್ಲಿರುವಾಗ ಕೆಲವೇ ನಿಮಿಷ ಸುಮ್ಮನೆ ಬಿಟ್ಟರೂ ಹೀಗೆ ಮಲಗುತ್ತವೆ. ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಪರದೆ ಕಪ್ಪಾಗಿರುವುದು ಇದರಿಂದಲೇ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ 'ಪವರ್ ಅಂಡ್ ಬ್ಯಾಟರಿ' ಎಂಬಲ್ಲಿ ಈ ಸಮಯವನ್ನು ಹೆಚ್ಚಿಸಿಕೊಳ್ಳಬಹುದು. ಅದಕ್ಕಾಗಿ ಅಂಗಡಿಗೆ ಓಡಬೇಕಿಲ್ಲ.

ಟೈಪ್ ಮಾಡುತ್ತಿರುವಾಗಲೇ ಮಲಗಿಬಿಟ್ಟರೆ? ಆಗ ನಿಮ್ಮ ಕೈ ನೋಡಿಕೊಳ್ಳಿ! ತಮಾಷೆಯಲ್ಲ. ಮುಚ್ಚಳ ಮುಚ್ಚಿದೆಯೋ ತೆರೆದಿದೆಯೋ ಎಂದು ತಿಳಿಯಲು ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಪುಟ್ಟ ಅಯಸ್ಕಾಂತ ಮತ್ತು ಅದನ್ನು ಗುರುತಿಸುವ ಸೆನ್ಸರ್ ಇರುತ್ತವೆ. ಅಯಸ್ಕಾಂತದ ಕೊಂಡಿ ಇರುವ ಬ್ರೇಸ್‌ಲೆಟ್ ಅಥವಾ ವಾಚಿನ ಪಟ್ಟಿ ಕೀಲಿಮಣೆಯ ಅಂಚಿಗೆ ತಾಗಿದರೆ ಮುಚ್ಚಳ ಮುಚ್ಚಿದರು ಎಂದುಕೊಂಡು ಅದು ಮಲಗಿಬಿಡುತ್ತದೆ. ಪರ್ಸಿನಂತೆ ಮಡಿಚುವ ಮೊಬೈಲ್ ಕವರ್ ಪಕ್ಕದಲ್ಲಿಟ್ಟರೂ ಹೀಗಾಗಬಹುದು. ಚಿನ್ನದ ಬಳೆ, ಗಾಜಿನ ಬಳೆಯಿಂದ ಏನೂ ಆಗುವುದಿಲ್ಲ, ಧಾರಾಳವಾಗಿ ಹಾಕಿಕೊಳ್ಳಿ.

ಇನ್ನು ಕೆಲವೊಮ್ಮೆ ಆಫ್ ಆದದ್ದು ತಾನಾಗಿಯೇ ಆನ್ ಕೂಡ ಆಗುತ್ತದೆ, ಪರದೆಯ ಮೇಲೆ 'ಅಪ್‌ಡೇಟ್' ಎಂದು ಪರ್ಸೆಂಟ್ ಲೆಕ್ಕ ಓಡುತ್ತಿರುತ್ತದೆ. ಹೊಸ ಯಂತ್ರದಲ್ಲಿ ಮೊದಲ ವಾರ ಇದು ಮಾಮೂಲು. ಆ ಹೊತ್ತಿನಲ್ಲಿ ಬಟನ್ ಒತ್ತಿ ಆಫ್ ಮಾಡುವುದು, ಚಾರ್ಜರ್ ಕೀಳುವುದು ಬೇಡ. ವಿಂಡೋಸ್ ಅಪ್‌ಡೇಟ್‌ನ ಒಳಗೆ 'ಆಕ್ಟಿವ್ ಅವರ್ಸ್' ಎಂದಿರುತ್ತದೆ. ಮಕ್ಕಳು ಓದುವ ಹೊತ್ತನ್ನು ಅಲ್ಲಿ ನಮೂದಿಸಿದರೆ ಆ ಸಮಯದಲ್ಲಿ ರೀಸ್ಟಾರ್ಟ್ ಮಾಡದೆ ಸುಮ್ಮನಿರುತ್ತದೆ.

ತಳ ಸುಡುತ್ತಿದೆಯೇ?

ಪುಟ ಮರಳಿ ಬರಲಿಲ್ಲ, ಕಂಪನಿಯ ಲೋಗೋ ಬಂದು ಮೊದಲಿನಿಂದ ಶುರುವಾಯಿತು ಎಂದರೆ ಅದು ನಿಜವಾಗಿ ಆಫ್ ಆಗಿತ್ತು. ಮೊದಲು ಬಿಸಿಯನ್ನು ಅನುಮಾನಿಸಿ. ಲ್ಯಾಪ್‌ಟಾಪಿನ ಮಿದುಳಿನಂತಿರುವ ಪ್ರೊಸೆಸರ್ ಕೆಲಸ ಮಾಡುತ್ತಾ ಬಿಸಿಯಾಗುತ್ತದೆ. ಒಳಗೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಮೊದಲು ನಿಧಾನವಾಗುತ್ತದೆ, ಆಮೇಲೂ ಬಿಸಿ ಇಳಿಯದಿದ್ದರೆ ಸುಟ್ಟುಹೋಗದಿರಲೆಂದು ತಾನೇ ಆಫ್ ಆಗುತ್ತದೆ. ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದ ಹಾಗೆ.

ಈ ಬಿಸಿಗಾಳಿ ಹೊರಹೋಗುವ ದಾರಿ ಹೆಚ್ಚಿನವುಗಳಲ್ಲಿ ಬದಿಯಲ್ಲಿ ಅಥವಾ ಹಿಂದೆ ಇರುತ್ತದೆ, ತಣ್ಣನೆ ಗಾಳಿ ಒಳಬರುವ ಜಾಲರಿ ತಳದಲ್ಲಿ. ನಾವು ಇಡುವುದೆಲ್ಲಿ? ಹಾಸಿಗೆಯ ಮೇಲೆ, ದಿಂಬಿನ ಮೇಲೆ, ಸೋಫಾದ ಮೆತ್ತೆಯ ಮೇಲೆ! ತಳ ಪೂರ್ತಿ ಮುಚ್ಚಿಹೋಗುತ್ತದೆ. ಹೊಸ ವಸ್ತುವಿನ ಪ್ಲಾಸ್ಟಿಕ್ ಕೀಳದಿರುವ ಅಭ್ಯಾಸವೂ ನಮ್ಮಲ್ಲಿದೆಯಲ್ಲ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದು ಹತ್ತು ವರ್ಷವಾದರೂ ಹಾಗೇ ಇರುತ್ತದೆ. ಲ್ಯಾಪ್‌ಟಾಪಿನ ತಳಕ್ಕೆ ಅಂಟಿದ ಪ್ಲಾಸ್ಟಿಕ್, ಅಂದಕ್ಕೆಂದು ಹಾಕಿಸಿದ ಸ್ಟಿಕರ್, ಧೂಳು ಕೂರಬಾರದೆಂದು ಹೊದಿಸಿದ ಕ್ರೋಶಾ ಬಟ್ಟೆ, ಇವನ್ನೆಲ್ಲ ಮೊದಲು ತೆಗೆಯಿರಿ. ಗಟ್ಟಿಯಾದ ಮೇಜು ಅಥವಾ ಅಗಲವಾದ ಮಣೆಯ ಮೇಲೆ ಇಟ್ಟು ಅದೇ ಕೆಲಸ ಮಾಡಿ ನೋಡಿ. ಕಲಬುರಗಿ, ರಾಯಚೂರಿನ ಕಡೆಯವರಿಗೆ ಇನ್ನೊಂದು ಮಾತು. ಬಹುಪಾಲು ಕಂಪನಿಗಳ ಕೈಪಿಡಿಗಳು ಲ್ಯಾಪ್‌ಟಾಪ್ ಬಳಸಲು ಕೋಣೆಯ ಉಷ್ಣಾಂಶ 35 ಡಿಗ್ರಿಯವರೆಗೆ ಇರಬಹುದು ಎನ್ನುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ನಿಮ್ಮ ಮಧ್ಯಾಹ್ನಗಳು 40 ದಾಟುತ್ತವೆ. ಆ ಹೊತ್ತಿನಲ್ಲಿ ಮಕ್ಕಳ ವಿಡಿಯೊ ಗೇಮ್ ನಿಲ್ಲಿಸುವುದಕ್ಕೆ ನಿಮಗೊಂದು ಒಳ್ಳೆ ಕಾರಣ ಸಿಕ್ಕಿತು!

ಆದರೆ ಮೇಜಿನ ಮೇಲಿಟ್ಟು, ಬರೀ ಟೈಪಿಂಗ್ ಮಾಡುವಾಗಲೂ ಸುಡುತ್ತಿದೆ, ಫ್ಯಾನಿನ ಸದ್ದೇ ಇಲ್ಲ ಎಂದರೆ ಫ್ಯಾನ್ ಕೆಟ್ಟಿರಬಹುದು. (ಕೆಲವು ತೆಳುವಾದ ಮಾಡೆಲ್‌ಗಳಲ್ಲಿ ಫ್ಯಾನೇ ಇರುವುದಿಲ್ಲ, ಕೈಪಿಡಿ ನೋಡಿ.) ಇದು ನಿಮ್ಮ ತಪ್ಪಲ್ಲ, ಯಂತ್ರದ ದೋಷ.

ಕರೆಂಟ್ ಹೋದಾಗ ಏನಾಗುತ್ತದೆ?

ನಮ್ಮ ಬೆಸ್ಕಾಂ, ಹೆಸ್ಕಾಂನವರು ಪುಕ್ಕಟೆಯಾಗಿ ಒಂದು ಪರೀಕ್ಷೆ ಮಾಡಿಕೊಡುತ್ತಾರೆ. ಚಾರ್ಜರ್ ಹಾಕಿ ಕೆಲಸ ಮಾಡುತ್ತಿರುವಾಗ ಕರೆಂಟ್ ಹೋಯಿತೆನ್ನಿ. ಲ್ಯಾಪ್‌ಟಾಪ್ ಹಾಗೇ ನಡೆಯುತ್ತಿರಬೇಕು, ಬ್ಯಾಟರಿ ಇರುವುದೇ ಅದಕ್ಕೆ. ಮನೆಯಲ್ಲಿ ಯುಪಿಎಸ್ ಇರಲಿ ಬಿಡಲಿ, ಕರೆಂಟ್ ಹೋದ ಕ್ಷಣವೇ ಅದೂ ಆಫ್ ಆದರೆ ಬ್ಯಾಟರಿ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಕರೆಂಟ್ ಹೋಗುವವರೆಗೆ ಕಾಯಬೇಕಿಲ್ಲ, ಫೈಲ್ ಸೇವ್ ಮಾಡಿಕೊಂಡು ಚಾರ್ಜರ್ ಪಿನ್ ಕಿತ್ತರೂ ಸಾಕು.

'ವೋಲ್ಟೇಜ್ ಏರುಪೇರು ಮೇಡಂ, ಸ್ಟೆಬಿಲೈಜರ್ ಹಾಕಿಸಿ' ಎನ್ನುವವರಿದ್ದಾರೆ. ಚಾರ್ಜರಿನ ಮಧ್ಯದ ಕಪ್ಪು ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ ನೋಡಿ. 'ಇನ್‌ಪುಟ್' ಎಂಬಲ್ಲಿ 100ರಿಂದ 240 ವೋಲ್ಟ್ ಎಂದಿರುತ್ತದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಅದು ಇಳಿದು 150 ಆದರೂ ಚಾರ್ಜರ್ ತಡೆದುಕೊಳ್ಳುತ್ತದೆ. ಸಿಡಿಲಿನ ಹೊತ್ತಿಗೆ ಪಿನ್ ಕಿತ್ತಿಡುವುದು, ಒಂದು ಒಳ್ಳೆಯ ಸ್ಪೈಕ್ ಬಸ್ಟರ್ ಬಳಸುವುದು ಜಾಣತನ. ಸ್ಟೆಬಿಲೈಜರಿಗೆ ಮೂರು ಸಾವಿರ ಸುರಿಯುವುದು ನನ್ನ ಪ್ರಕಾರ ದಂಡ.

ಅದೇ ಡಬ್ಬಿಯ ಮೇಲೆ 'ಔಟ್‌ಪುಟ್' ಎಂದೂ ಇರುತ್ತದೆ. ಉದಾಹರಣೆಗೆ 19.5 ವೋಲ್ಟ್, 3.33 ಆಂಪಿಯರ್. ಗುಣಿಸಿದರೆ ಸುಮಾರು 65 ವಾಟ್. ಇದನ್ನು ಯಾಕೆ ಹೇಳಿದೆ ಎಂದರೆ, ಈಗ ಎಷ್ಟೋ ಲ್ಯಾಪ್‌ಟಾಪ್‌ಗಳಿಗೂ ಮೊಬೈಲಿನ ಹಾಗೆ ಟೈಪ್-ಸಿ ಪಿನ್. ಮನೆಯಲ್ಲಿ ಯಾರೋ ತಮ್ಮ ಮೊಬೈಲಿನ 18 ವಾಟ್ ಚಾರ್ಜರ್ ಸಿಕ್ಕಿಸಿರುತ್ತಾರೆ. ಪಿನ್ ಸರಿಯಾಗಿ ಕೂರುತ್ತದೆ, ಆದರೆ ಲ್ಯಾಪ್‌ಟಾಪಿನ ಹೊಟ್ಟೆ ತುಂಬುವುದಿಲ್ಲ. 'ಚಾರ್ಜಿಗೆ ಹಾಕಿದ್ದೆನಲ್ಲಾ' ಎಂದು ನೀವಂದುಕೊಳ್ಳುತ್ತೀರಿ, ಅದು ನಿಧಾನವಾಗಿ ಖಾಲಿಯಾಗಿ ಆಫ್ ಆಗುತ್ತದೆ. ಜೊತೆಗೆ ಬಂದ ಚಾರ್ಜರನ್ನೇ ಬಳಸಿ, ಸಡಿಲವಾದ ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ಗೋಡೆಯ ಸಾಕೆಟ್ಟಿಗೇ ಹಾಕಿ ನೋಡಿ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಯಿಂದಲೇ ಟ್ಯೂಷನ್ ನಡೆಸುವ ಗೆಳತಿಯೊಬ್ಬರಿದ್ದಾರೆ. ಅವರ ಹೊಸ ಲ್ಯಾಪ್‌ಟಾಪ್ ಹೀಗೆಯೇ ಕೈಕೊಡುತ್ತಿತ್ತು. ಅಂಗಡಿಗೆ ಒಯ್ದರೆ ಅಲ್ಲಿನ ಹುಡುಗ ಚಾರ್ಜರ್ ಸಿಕ್ಕಿಸಿ, ಅರ್ಧ ಗಂಟೆ ಸಿನಿಮಾ ಹಾಡು ಓಡಿಸಿ, 'ಚೆನ್ನಾಗಿಯೇ ಇದೆಯಲ್ಲ ಮೇಡಂ' ಎಂದು ವಾಪಸ್ ಕಳಿಸಿದ. ಮನೆಗೆ ಬಂದರೆ ಮತ್ತೆ ಟಪ್! ಎರಡನೆಯ ಸಲ ಅವರು ಪುಸ್ತಕ ಹಿಡಿದುಕೊಂಡೇ ಹೋದರು. ಎಂಟು ಸಲ ಆಫ್ ಆಗಿತ್ತು. ಎಂಟು ಸಲವೂ ಚಾರ್ಜರ್ ಹಾಕಿರಲಿಲ್ಲ, ಬ್ಯಾಟರಿ 30ರಿಂದ 40 ಪರ್ಸೆಂಟಿನ ನಡುವೆ ಇತ್ತು. 'ಚಾರ್ಜರ್ ತೆಗೆದು ನೋಡಪ್ಪಾ, ನಾನಿಲ್ಲೇ ಕೂತಿರುತ್ತೇನೆ' ಎಂದರು. 38 ಪರ್ಸೆಂಟಿಗೆ ಬರುತ್ತಿದ್ದಂತೆ ಹುಡುಗನ ಕಣ್ಣೆದುರೇ ಪರದೆ ಕಪ್ಪಾಯಿತು. ಆಮೇಲೆ ಅವನು ಒಂದು ಮಾತೂ ಆಡಲಿಲ್ಲ. ವಾರಂಟಿಯಲ್ಲಿ ಬೇರೆ ಬ್ಯಾಟರಿ ಬಂತು. 'ಆಗಾಗ ಆಫ್ ಆಗುತ್ತೆ' ಎಂಬ ದೂರಿಗೂ 'ಚಾರ್ಜರ್ ತೆಗೆದಾಗ ಮಾತ್ರ, 40ರ ಕೆಳಗೆ ಬಂದಾಗ ಮಾತ್ರ ಆಫ್ ಆಗುತ್ತೆ' ಎಂಬ ದೂರಿಗೂ ಇರುವ ವ್ಯತ್ಯಾಸ ಇದು.

ಇದಕ್ಕೆ ತದ್ವಿರುದ್ಧವಾಗಿ ಬ್ಯಾಟರಿಯಲ್ಲಿ ಸರಿಯಾಗಿ ನಡೆದು, ಚಾರ್ಜರ್ ಹಾಕಿದಾಗ ಮಾತ್ರ ತೊಂದರೆ ಎಂದಾದರೆ ಚಾರ್ಜರ್, ಸಾಕೆಟ್ ಅಥವಾ ಪಿನ್ ಕೂರುವ ಜಾಗ ನೋಡಬೇಕು. ಚಾರ್ಜರ್ ಇದ್ದರೂ ಇಲ್ಲದಿದ್ದರೂ, ತಣ್ಣಗಿದ್ದಾಗಲೂ, ಯಾವ ಲೆಕ್ಕಕ್ಕೂ ಸಿಗದೆ ಆಫ್ ಆಗುತ್ತಿದ್ದರೆ ಒಳಗಿನ ಮೆಮೊರಿಯೋ ಮದರ್‌ಬೋರ್ಡೋ ಸರಿಯಿಲ್ಲದಿರಬಹುದು. ಅದು ಮನೆಯಲ್ಲಿ ಪತ್ತೆಹಚ್ಚುವ ಕೆಲಸವಲ್ಲ. ಹೆಚ್ಚೆಂದರೆ ಒಂದು ಉಪಾಯ ಮಾಡಿ ನೋಡಬಹುದು. ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ. ಕೆಲವು ಸಣ್ಣ ತೊಂದರೆಗಳು ಇಷ್ಟರಲ್ಲೇ ಹೋಗುತ್ತವೆ. ಹೋಗದಿದ್ದರೆ ತಳದ ಸ್ಕ್ರೂ ಮಾತ್ರ ಬಿಚ್ಚಬೇಡಿ, ಓಣಿಯ ರಿಪೇರಿ ಅಂಗಡಿಗೂ ಕೊಡಬೇಡಿ. ಬೇರೆಯವರು ಬಿಚ್ಚಿದ್ದಾರೆ ಎಂಬ ಒಂದೇ ನೆಪ ಸಾಕು, ವಾರಂಟಿ ಕೊಡಲು ತಕರಾರು ಶುರುವಾಗುತ್ತದೆ.

ಕಂಪ್ಯೂಟರೇ ಬರೆದಿಡುವ ದಿನಚರಿ

ನಿಮ್ಮ ಪುಸ್ತಕವನ್ನು ನಂಬದವರಿಗೆ ತೋರಿಸಲು ಇನ್ನೊಂದು ಸಾಕ್ಷಿ ಆ ಯಂತ್ರದೊಳಗೇ ಇದೆ. ವಿಂಡೋಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ 'ರಿಲಯಬಿಲಿಟಿ' ಎಂದು ಟೈಪ್ ಮಾಡಿ. 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಎಂದು ಬರುತ್ತದೆ, ತೆರೆಯಿರಿ. ಕ್ಯಾಲೆಂಡರಿನಂತೆ ದಿನಗಳ ಸಾಲು, ತೊಂದರೆಯಾದ ದಿನಗಳಿಗೆ ಕೆಂಪು ಗುರುತು. ಅದರ ಮೇಲೆ ಒತ್ತಿದರೆ 'ವಿಂಡೋಸ್ ಸರಿಯಾಗಿ ಷಟ್‌ಡೌನ್ ಆಗಿರಲಿಲ್ಲ' ಎಂಬರ್ಥದ ಸಾಲು ಇಂಗ್ಲಿಷಿನಲ್ಲಿ ತಾರೀಕು, ಗಂಟೆ ಸಮೇತ ಇರುತ್ತದೆ. ಇದು ಕಾರಣ ಹೇಳುವುದಿಲ್ಲ, ಆಫ್ ಆದದ್ದು ನಿಜ ಎಂದಷ್ಟೇ ಹೇಳುತ್ತದೆ. ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಆಫ್ ಆಗುವ ಮೊದಲು ಒಂದು ಕ್ಷಣ ಪರದೆ ತುಂಬ ಇಂಗ್ಲಿಷ್ ಬರಹ ಬಂದರೆ ಅದನ್ನೂ ಬಿಡಬೇಡಿ. ಮೊದಲು ಅದು ನೀಲಿ ಬಣ್ಣದಲ್ಲಿರುತ್ತಿತ್ತು, ವಿಂಡೋಸ್ 11ರಲ್ಲಿ 2025ರಿಂದ ಕಪ್ಪು ಬಣ್ಣಕ್ಕೆ ಬದಲಾಗಿದೆ.

ಕಂಪನಿಯವರೇ ಒಳಗಿಟ್ಟ ಪರೀಕ್ಷೆಯೂ ಇರುತ್ತದೆ. ಆನ್ ಮಾಡಿದ ಕೂಡಲೇ ಎಚ್‌ಪಿಯಲ್ಲಿ ಎಫ್2, ಡೆಲ್‌ನಲ್ಲಿ ಎಫ್12 ಕೀಲಿಯನ್ನು ಬಿಟ್ಟು ಬಿಟ್ಟು ಒತ್ತುತ್ತಿದ್ದರೆ ಪರೀಕ್ಷೆಯ ಪುಟಕ್ಕೆ ದಾರಿ ಸಿಗುತ್ತದೆ. ದೋಷ ಕಂಡರೆ ಒಂದು ಸಂಕೇತ ಸಂಖ್ಯೆ ಬರುತ್ತದೆ, ಬರೆದುಕೊಳ್ಳಿ. ಕಸ್ಟಮರ್ ಕೇರ್‌ನವರಿಗೆ ಆ ಸಂಖ್ಯೆ ಹೇಳಿದರೆ 'ಚಾರ್ಜರ್ ಹಾಕಿ ನೋಡಿದಿರಾ ಮೇಡಂ' ಎಂಬ ಪುರಾಣ ಕಡಿಮೆಯಾಗುತ್ತದೆ.

ಆ ಕಸ್ಟಮರ್ ಕೇರ್ ನಂಬರನ್ನು ಮಾತ್ರ ವಾರಂಟಿ ಕಾರ್ಡಿನಿಂದ ಅಥವಾ ಕಂಪನಿಯ ಸ್ವಂತ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಮೋಸಗಾರರ ನಂಬರುಗಳೂ ಸಿಗುತ್ತವೆ. 'ನಾವೇ ಸರಿಮಾಡ್ತೀವಿ, ಈ ಆ್ಯಪ್ ಹಾಕಿಕೊಳ್ಳಿ, ಹತ್ತು ರೂಪಾಯಿ ಕಳಿಸಿ' ಎಂದರೆ ಫೋನ್ ಇಟ್ಟುಬಿಡಿ. ಮೈಕ್ರೋಸಾಫ್ಟ್‌ನವರು ತಾವಾಗಿ ಮನೆಗೆ ಫೋನ್ ಮಾಡಿ 'ನಿಮ್ಮ ಕಂಪ್ಯೂಟರ್ ಕೆಟ್ಟಿದೆ' ಎಂದು ಹೇಳುವುದಿಲ್ಲ. ಹಣ ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸರ್ವಿಸ್‌ಗೆ ಕೊಡುವ ಮುನ್ನ

ಫೋಟೊಗಳು, ಮಕ್ಕಳ ಪ್ರಾಜೆಕ್ಟ್, ಮನೆ ಲೆಕ್ಕ ಎಲ್ಲವನ್ನೂ ಪೆನ್‌ಡ್ರೈವಿಗೋ ಹಾರ್ಡ್‌ಡಿಸ್ಕಿಗೋ ತುಂಬಿಕೊಳ್ಳಿ. ಸರ್ವಿಸ್‌ನಲ್ಲಿ ಎಲ್ಲ ಅಳಿಸಿಹೋದರೆ ಅವರು ಹೊಣೆಯಲ್ಲ ಎಂದು ರಸೀದಿಯಲ್ಲೇ ಅಚ್ಚು ಹಾಕಿಸಿರುತ್ತಾರೆ. ನಿಮ್ಮ, ಮಕ್ಕಳ ಖಾಸಗಿ ಫೋಟೊಗಳನ್ನು ಲ್ಯಾಪ್‌ಟಾಪಿನಿಂದ ಅಳಿಸಿ, ಇಮೇಲ್ ಮತ್ತು ಬ್ಯಾಂಕ್ ಖಾತೆಗಳಿಂದ ಸೈನ್ ಔಟ್ ಆಗಿ. ಯಾರನ್ನೂ ಕಳ್ಳರೆನ್ನುತ್ತಿಲ್ಲ, ಮನೆಗೆ ಬೀಗ ಹಾಕಿ ಹೋಗುವುದಿಲ್ಲವೇ, ಹಾಗೆ.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಮಾಹಿತಿಗೆ ತಾನಾಗಿಯೇ ಬೀಗ ಬಿದ್ದಿರುವುದುಂಟು. ಸರ್ವಿಸ್‌ನಲ್ಲಿ ಮದರ್‌ಬೋರ್ಡ್ ಬದಲಿಸಿದರೆ ಆ ಬೀಗ 48 ಅಂಕಿಗಳ 'ಬಿಟ್‌ಲಾಕರ್ ರಿಕವರಿ ಕೀ' ಕೇಳುತ್ತದೆ. ಅದಿಲ್ಲದಿದ್ದರೆ ನಿಮ್ಮ ಫೈಲುಗಳು ನಿಮಗೇ ಸಿಗುವುದಿಲ್ಲ. ಮೊದಲ ದಿನ ಯಾವ ಮೈಕ್ರೋಸಾಫ್ಟ್ ಖಾತೆಯಿಂದ ಲ್ಯಾಪ್‌ಟಾಪ್ ತೆರೆದಿರೋ ಆ ಖಾತೆಯಲ್ಲಿ ಸಾಮಾನ್ಯವಾಗಿ ಇದು ಉಳಿದಿರುತ್ತದೆ. ಮಗನಿಗೋ ಮಗಳಿಗೋ ಹೇಳಿ ಹುಡುಕಿಸಿ ಬರೆದಿಟ್ಟುಕೊಳ್ಳಿ. ಅಂಗಡಿಯ ಹುಡುಗ ತನ್ನ ಇಮೇಲ್ ಹಾಕಿ ಶುರುಮಾಡಿಕೊಟ್ಟಿದ್ದರೆ ಇವತ್ತೇ ಅದನ್ನು ಬದಲಿಸಿ.

ಲ್ಯಾಪ್‌ಟಾಪ್ ಕೊಟ್ಟು ಬರಿಗೈಯಲ್ಲಿ ಬರಬೇಡಿ. ಜಾಬ್ ಶೀಟ್ ಕೇಳಿ ಪಡೆಯಿರಿ. ಅದರಲ್ಲಿ 'ಚೆಕಿಂಗ್' ಎಂದು ಒಂದು ಪದ ಗೀಚಿದರೆ ಒಪ್ಪಬೇಡಿ, ಯಾವಾಗ ಹೇಗೆ ಆಫ್ ಆಗುತ್ತದೆ ಎಂಬುದನ್ನು ಬರೆಸಿ. ಅದೇ ತೊಂದರೆಗೆ ಮೂರು ಸಲ ಕೊಟ್ಟಿದ್ದೀರಿ ಎಂಬುದಕ್ಕೆ ಮುಂದೆ ಈ ಚೀಟಿಗಳೇ ಆಧಾರ.

ಇಷ್ಟಾದರೂ ಅಲೆದಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ದೂರು ದಾಖಲಿಸಿಕೊಂಡು ಕಂಪನಿಗೆ ತಲುಪಿಸುತ್ತಾರೆ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಕೊಂಡದ್ದು ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ, 'ಇ-ಜಾಗೃತಿ' ತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ತೊಂದರೆ ಎದುರಾದ ಎರಡು ವರ್ಷದೊಳಗೆ ಕೊಡಬೇಕು ಅಷ್ಟೆ. ಕೋರ್ಟು ಕಚೇರಿ ಅಂದರೆ ಹಿಂಜರಿಕೆ ಸಹಜ, ಆದರೆ ಎಷ್ಟೋ ಸಲ 1915ರಲ್ಲಿ ಸಿಕ್ಕ ದೂರಿನ ಸಂಖ್ಯೆಯನ್ನು ಅಂಗಡಿಯವರಿಗೆ ತೋರಿಸಿದರೇ ಅವರ ದನಿ ಬದಲಾಗುತ್ತದೆ.

ರಿಪೇರಿಯಾಗಿ ಮನೆಗೆ ಬಂದ ದಿನ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಕಿತ್ತು, ಯಾವುದಾದರೂ ವಿಡಿಯೊ ಹಾಕಿ ಬ್ಯಾಟರಿ 15 ಪರ್ಸೆಂಟಿಗೆ ಬರುವವರೆಗೆ ಓಡಲು ಬಿಡಿ. ಮಾರನೆಯ ದಿನ ಚಾರ್ಜರ್ ಹಾಕಿ ಒಂದೆರಡು ಗಂಟೆ ನಡೆಸಿ. ನಡುವೆ ಎಲ್ಲಿಯಾದರೂ ಮತ್ತೆ ಆಫ್ ಆದರೆ ಹೊತ್ತು ಬರೆದುಕೊಂಡು ಅದೇ ದಿನ ಫೋನ್ ಮಾಡಿ, ಹಳೆಯ ಜಾಬ್ ಶೀಟಿನ ನಂಬರ್ ಹೇಳಿ.